ಬಿಂದಿಗೆ ಹೊತ್ತ ಹೆಂಗಸಿಗೆ ಒಂದೇ ಸಾಲು ಸಾಕೇ?

ನಮಸ್ಕಾರ. ಶ್ರೀರಂಗಪಟ್ಟಣದ ಹಳೆಯ ಚಿತ್ರವೊಂದರ ಬಗ್ಗೆ ನೀವು ಮಂಡ್ಯದಿಂದ ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಇದನ್ನು ಕೈಬಿಡಬೇಡಿ.

ಟಿಪ್ಪು ಸತ್ತ ಕೆಲವೇ ವರ್ಷಕ್ಕೆ ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿಯೊಬ್ಬ ಬರೆದ ಚಿತ್ರ ಅದು. ಮುಂದೆ ಮರ, ನಡುವೆ ಕಾವೇರಿ, ಆಚೆ ಕೋಟೆ, ಗೋಪುರ, ಮಿನಾರು. ‘ಕ್ಯಾಮೆರಾದಲ್ಲಿ ಹಿಡಿದ ಹಾಗಿದೆ’ ಎಂದಿದ್ದೀರಿ. ಅಲ್ಲೇ ಎಡವಿದ್ದೀರಿ. ಬದಿಗೊಂದು ಕಪ್ಪು ಮರ, ನಡುವೆ ನೀರು, ದೂರದಲ್ಲಿ ಹಾಳು ಕೋಟೆ: ಆ ಕಾಲದ ಇಂಗ್ಲೆಂಡಿನಲ್ಲಿ ಇದೇ ಚಂದ ಅಂತ ಒಪ್ಪಿಕೊಂಡಿದ್ದರು. ವೇಲ್ಸಿನ ಕೋಟೆಗಳನ್ನೂ ಹೀಗೇ ಬರೆದರು.

ಇನ್ನು ಅವನು ನಿಂತ ಜಾಗ. ಹೊಳೆಯಾಚೆ, ಪಶ್ಚಿಮದ ಕಡೆ. ‘ಕೋಟೆ ಚೆನ್ನಾಗಿ ಕಾಣುವ ಜಾಗ’ ಅಂತ ಬರೆದು ಮುಂದೆ ಹೋಗಿದ್ದೀರಿ. 1799ರಲ್ಲಿ ಟಿಪ್ಪುವಿನ ಕೋಟೆಗೆ ಮುತ್ತಿಗೆ ಹಾಕಿದ ಕಂಪನಿಯವರು ಫಿರಂಗಿ ಹೂಡಿದ್ದೂ ಆ ಕಡೆಯೇ, ಅಲ್ವಾ? ಮೇ 4ರ ಮಧ್ಯಾಹ್ನ, ಹೊಳೆಯಲ್ಲಿ ನೀರು ಕಮ್ಮಿ ಇದ್ದಾಗ, ಸೈನಿಕರು ದಾಟಿದ್ದೂ ಅಲ್ಲೇ. ಆಮೇಲೆ ರಾಜಧಾನಿ ಮೈಸೂರಿಗೆ ಹೋಯಿತು, ದ್ವೀಪ ಕಂಪನಿಯ ಪಾಲಾಯಿತು. ಊರು ಬಿಕೋ ಅನ್ನುವುದಕ್ಕೆ ನೀವು ಕೊಟ್ಟ ಕಾರಣ ‘ಕಾಲದ ಮಹಿಮೆ’. ಇದನ್ನು ನಾನು ಒಪ್ಪುವುದಿಲ್ಲ.

‘ಅಂದೂ ಇಂದಿನಂತೆ ಎಲ್ಲೆಲ್ಲೂ ಹಸಿರು’ ಎಂಬ ಸಾಲನ್ನು ತೆಗೆಯಿರಿ. ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದದ್ದೇ 1911ರಲ್ಲಿ. ಅದಕ್ಕೆ ಮುಂಚೆ ಕೆರೆ ಮತ್ತು ಹಳೇ ನಾಲೆಗಳ ಕೆಳಗೆ ಗದ್ದೆ, ಉಳಿದ ಕಡೆ ಜಾಸ್ತಿ ರಾಗಿಯ ಬೆದ್ದಲು.

ನನ್ನನ್ನು ಬಹಳ ಕಾಡಿದ್ದು ಎಡಮೂಲೆ. ನೀವು ಜೊತೆಗಿಟ್ಟ ಪ್ರತಿಯನ್ನು ಭೂತಗನ್ನಡಿ ಹಿಡಿದು ನೋಡಿದೆ. ಬಿಂದಿಗೆ ಹೊತ್ತ ಹೆಂಗಸು, ಉಗುರಿನಷ್ಟು ಗಾತ್ರ, ಮುಖವೇ ಇಲ್ಲ. ನಿಮ್ಮ ಎಂಟು ಪುಟದಲ್ಲಿ ಅವಳಿಗೆ ಸಿಕ್ಕಿದ್ದು ಒಂದೇ ಸಾಲು. ಕೋಟೆ ಎಷ್ಟು ದೊಡ್ಡದು ಅಂತ ತೋರಿಸಲು ಸುಮ್ನೆ ನಿಲ್ಲಿಸಿದನೋ, ನಿಜಕ್ಕೂ ನೋಡಿದನೋ? ಸೀರೆ ಹೇಗೆ ಉಟ್ಟಿದ್ದಾಳೆ? ಯಾರು ಯಾವ ಸೋಪಾನಕಟ್ಟೆಗೆ ಇಳಿಯಬಹುದು ಅಂತ ಜಾತಿ ತೀರ್ಮಾನಿಸುತ್ತಿದ್ದ ಕಾಲ ಅದು. ಅವಳು ಮೆಟ್ಟಿಲು ಬಿಟ್ಟು ಬಂಡೆಗಳ ನಡುವೆ ಇಳಿಯುತ್ತಿದ್ದಾಳೆ. ಯಾಕೆ? ಇದಕ್ಕೆ ಖಚಿತ ಉತ್ತರ ಸಿಗದೇ ಹೋಗಬಹುದು. ಆದರೂ ಕೇಳಿ, ಕೇಳಿದ್ದನ್ನು ಬರೆಯಿರಿ.

ನಿಮ್ಮ ಭಾಷೆ ಚೆನ್ನಾಗಿದೆ, ಅದರ ಚಿಂತೆ ಬೇಡ. ಈ ಬೇಸಿಗೆಯಲ್ಲಿ ಚಿತ್ರದ ಪ್ರತಿ ಹಿಡಿದು ಆ ದಡಕ್ಕೆ ಒಂದು ಸಲ ಹೋಗಿ ಬನ್ನಿ. ಆಮೇಲೆ ಆ ಹೆಂಗಸಿನಿಂದಲೇ ಶುರು ಮಾಡಿ ಮತ್ತೆ ಬರೆದು ಕಳಿಸಿ.