ಡೆಂಟಲ್ ಸೀಟು ಸಿಗಬಹುದು, ದುಡ್ಡಿಗೇನು ಮಾಡೋದು?

ಪ್ರಶ್ನೆ: ನಾವು ಬಿಳಿಗಿರಿರಂಗನ ಬೆಟ್ಟದ ಪೋಡಿನ ಸೋಲಿಗರು. ತಂಗಿ ನೀಟ್ ಪಾಸಾಗಿದ್ದಾಳೆ. ಎಂಬಿಬಿಎಸ್ ಕಷ್ಟ, ಬಿಡಿಎಸ್ ಸಿಗಬಹುದು ಅನ್ನುತ್ತಾರೆ. ಅಪ್ಪ ಕಾಡಿನಿಂದ ಜೇನು, ನೆಲ್ಲಿಕಾಯಿ ತರುತ್ತಾರೆ, ನಾನು ಕಾಫಿ ತೋಟದಲ್ಲಿ ಕೂಲಿ. ಐದು ವರ್ಷ ಓದಿಸಲು ನಮ್ಮಿಂದ ಆಗುತ್ತದಾ ಸಾರ್?

ಉತ್ತರ: ಆಗುತ್ತದೆ. ಸೀಟು ಸಿಕ್ಕರೆ ದಯವಿಟ್ಟು ಬಿಡಬೇಡಿ.

ಮೊದಲು ಫೀಸು. ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ನಡೆಸುವ ಕೌನ್ಸೆಲಿಂಗ್‌ನಲ್ಲಿ ಸರ್ಕಾರಿ ಸೀಟು ಸಿಕ್ಕರೆ, ಮನೆಯ ವರ್ಷದ ಆದಾಯ 2.5 ಲಕ್ಷದ ಒಳಗಿದ್ದರೆ, ಪರಿಶಿಷ್ಟ ಪಂಗಡದ ಪೋಸ್ಟ್ ಮೆಟ್ರಿಕ್ ವಿದ್ಯಾರ್ಥಿವೇತನದಲ್ಲಿ ಕಡ್ಡಾಯ ಶುಲ್ಕ ಬರುತ್ತದೆ. ಜೊತೆಗೆ ಹಾಸ್ಟೆಲ್‌ನಲ್ಲಿ ಇರುವವರಿಗೆ ತಿಂಗಳಿಗೆ 1,200 ರೂಪಾಯಿ, ಮನೆಯಿಂದ ಓಡಾಡುವವರಿಗೆ 550. ಪರಿಶಿಷ್ಟ ವರ್ಗಗಳ ಕಲ್ಯಾಣ ಇಲಾಖೆಯ ಹಾಸ್ಟೆಲ್ ಸಿಕ್ಕರೆ ಊಟ, ವಸತಿ ಎರಡೂ ಉಚಿತ, ಆದರೆ ಆಗ ಈ ಭತ್ಯೆ ಕಡಿಮೆಯಾಗುತ್ತದೆ. ಆದರೂ ಹಾಸ್ಟೆಲೇ ಲಾಭ. ಮ್ಯಾನೇಜ್‌ಮೆಂಟ್ ಸೀಟು ಕೊಡಿಸುತ್ತೇವೆ, ಸ್ಕಾಲರ್‌ಶಿಪ್‌ನಲ್ಲಿ ಎಲ್ಲ ಸರಿಹೋಗುತ್ತದೆ ಎಂದು ಏಜೆಂಟರು ಫೋನ್ ಮಾಡಿದರೆ ನಂಬಬೇಡಿ.

ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕುವುದು ಎಸ್‌ಎಸ್‌ಪಿ, ಅಂದರೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ. ಅಲ್ಲಿ ಜಾತಿ, ಆದಾಯ ಪ್ರಮಾಣಪತ್ರದ ಮೇಲಿರುವ, ಆರ್‌ಡಿ ಎಂದು ಶುರುವಾಗುವ ನಂಬರ್ ಕೇಳುತ್ತದೆ. ನಾನು ನೋಡಿದ ಮಟ್ಟಿಗೆ ಹಾಡಿ, ಪೋಡುಗಳ ಮಕ್ಕಳ ಅರ್ಜಿ ಸಿಕ್ಕಿಹಾಕಿಕೊಳ್ಳುವುದು ಹೆಸರಿನಲ್ಲಿ. ಆಧಾರ್‌ನಲ್ಲಿ ಬರೀ ‘ಮಾದಮ್ಮ’, ಮಾರ್ಕ್ಸ್ ಕಾರ್ಡ್‌ನಲ್ಲಿ ಇನಿಷಿಯಲ್ ಸೇರಿಸಿ ‘ಮಾದಮ್ಮ ಸಿ’. ಅಷ್ಟಕ್ಕೇ ಒಂದು ವರ್ಷದ ದುಡ್ಡು ನಿಂತುಹೋದ ವಿದ್ಯಾರ್ಥಿನಿಯೊಬ್ಬಳು ನನ್ನ ತರಗತಿಯಲ್ಲೇ ಇದ್ದಳು. ಹಾಗಾಗಿ ಆಧಾರ್ ಹೆಸರನ್ನು ಎಸ್ಸೆಸ್ಸೆಲ್ಸಿ ಕಾರ್ಡಿಗೆ ಸರಿಯಾಗಿ ಈಗಲೇ ತಿದ್ದಿಸಿ. ಬ್ಯಾಂಕಿಗೆ ಹೋಗಿ ಖಾತೆಗೆ ಎನ್‌ಪಿಸಿಐ ಮ್ಯಾಪಿಂಗ್ (ಆಧಾರ್ ಮೂಲಕ ಬರುವ ಸರ್ಕಾರದ ದುಡ್ಡು ಈ ಖಾತೆಗೇ ಬೀಳುವ ಜೋಡಣೆ) ಆಗಿದೆಯಾ ಕೇಳಿ, ಸುಮ್ನೆ ‘ಆಧಾರ್ ಲಿಂಕ್ ಆಗಿದೆ’ ಅಂದರೆ ಸಾಲದು.

ಇನ್ನು ಯಾರೂ ಮೊದಲೇ ಹೇಳದ ಖರ್ಚು. ಡೆಂಟಲ್‌ನಲ್ಲಿ ಮೊದಲ ವರ್ಷವೇ ಮೇಣದ ತುಂಡಿನಲ್ಲಿ ಹಲ್ಲು ಕೆತ್ತಬೇಕು. ಅದಕ್ಕೆ ಚಾಕು, ಸ್ಪಿರಿಟ್ ಲ್ಯಾಂಪ್, ರಾಶಿ ಮೇಣ. ಎರಡನೇ ವರ್ಷಕ್ಕೆ ಆರ್ಟಿಕ್ಯುಲೇಟರ್ (ದವಡೆಯ ಚಲನೆ ತೋರಿಸುವ ಸಾಧನ), ಏರೋಟರ್ ಹ್ಯಾಂಡ್‌ಪೀಸ್ (ಹಲ್ಲು ಕೊರೆಯುವ ಯಂತ್ರದ ಹಿಡಿ), ಹೀಗೆ ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ಸ್ಕಾಲರ್‌ಶಿಪ್ ತಡವಾಗಿ ಬರುತ್ತದೆ, ಪಟ್ಟಿ ಮಾತ್ರ ಕ್ಲಾಸ್ ಶುರುವಾದ ವಾರವೇ ಕೈಗೆ ಬರುತ್ತದೆ! ಎಲ್ಲ ಹೊಸದು ಬೇಕಿಲ್ಲ. ಕೋರ್ಸ್ ಮುಗಿಸಿ ಹೋಗುವ ಸೀನಿಯರ್‌ಗಳು ಕಡಿಮೆ ಬೆಲೆಗೆ ಕಿಟ್ ಮಾರುತ್ತಾರೆ, ಸೇರಿದ ದಿನವೇ ವಿಚಾರಿಸಲಿ. ಬರ್‌ಗಳನ್ನು, ಅಂದರೆ ಕೊರೆಯುವ ಮೊನೆಗಳನ್ನು, ಮಾತ್ರ ಹೊಸದೇ ಕೊಳ್ಳಲಿ, ಸವೆದದ್ದು ಉಪಯೋಗಕ್ಕೆ ಬರುವುದಿಲ್ಲ.

ಈ ಖರ್ಚಿಗೆ ಬೇಕಾದರೆ ಶಿಕ್ಷಣ ಸಾಲ ಇದೆ. 4 ಲಕ್ಷದವರೆಗೆ ಬ್ಯಾಂಕಿನವರು ಅಡಮಾನ ಕೇಳುವ ಹಾಗಿಲ್ಲ. ‘ಪಹಣಿ ತನ್ನಿ’ ಅಂದರೆ ಇದನ್ನೇ ಹೇಳಿ, ಅರ್ಜಿ ತಿರಸ್ಕರಿಸಿದರೆ ಕಾರಣ ಬರೆದುಕೊಡಿ ಎಂದು ಕೇಳಿ. ನಾಲ್ಕು ವರ್ಷದ ಓದು ಮುಗಿದ ಮೇಲೆ ಒಂದು ವರ್ಷ ಇಂಟರ್ನ್‌ಶಿಪ್, ಸರ್ಕಾರಿ ಕಾಲೇಜಾದರೆ ಆಗ ಸ್ಟೈಪೆಂಡ್ ಬರುತ್ತದೆ.

ಅಕಸ್ಮಾತ್ ಬಿಡಿಎಸ್ ಸಿಗದಿದ್ದರೆ ಡೆಂಟಲ್ ಹೈಜಿನಿಸ್ಟ್, ಡೆಂಟಲ್ ಮೆಕ್ಯಾನಿಕ್ ಎಂಬ ಎರಡು ವರ್ಷದ ಡಿಪ್ಲೊಮಾಗಳಿವೆ. ಅದು ಆಮೇಲಿನ ಮಾತು. ಈ ವಾರ ಆಧಾರ್ ಕೇಂದ್ರಕ್ಕೆ ಹೋಗಿ ಬನ್ನಿ.