ಓಡಿನ್, ಥಾರ್ ಆರಾಧಕರ ಕೂಟಕ್ಕೆ ನಾವು ಹೋಗಬಹುದೇ?

ಓದಲೆಂದು ಐಸ್‌ಲ್ಯಾಂಡಿನ ರಾಜಧಾನಿ ರೇಕ್ಯಾವಿಕ್‌ಗೆ ಬಂದಿಳಿದಿರುವ ನೀವು ಬಾಡಿಗೆ, ಚಳಿಗಳ ಜೊತೆಗೆ ಇನ್ನೊಂದನ್ನೂ ಕೇಳಿದ್ದೀರಿ: ಓಡಿನ್, ಥಾರ್ ಮೊದಲಾದ ಉತ್ತರ ಯುರೋಪಿನ ಹಳೆಯ ದೇವತೆಗಳನ್ನು ಈಗಲೂ ಆರಾಧಿಸುವವರ ಕೂಟಕ್ಕೆ ನಮ್ಮಂಥವರು ಹೋಗಬಹುದೇ, ಅದು ನಮ್ಮ ಪೂಜೆಯಂತೆಯೇ ಇರುತ್ತದೆಯೇ? ಬಾಡಿಗೆ ದುಬಾರಿ, ಚಳಿಗಿಂತ ಗಾಳಿಗೆ ಹೆದರಬೇಕು.

ಕೂಟಕ್ಕೆ ಧಾರಾಳವಾಗಿ ಹೋಗಿ. ಈ ಆರಾಧಕರ ಇಲ್ಲಿನ ಆಸಾತ್ರೂ ಸಂಘ 1972ರಲ್ಲಿ ಹುಟ್ಟಿ, ಮರುವರ್ಷವೇ ಸರ್ಕಾರದ ಮಾನ್ಯತೆ ಪಡೆಯಿತು. ನಾನು ಬಂದ ವರ್ಷ, ಇವರ ಪಂಚಾಂಗದ ಬೇಸಿಗೆ ಆರಂಭವಾಗುವ ಏಪ್ರಿಲ್ ಗುರುವಾರದಂದು, ಹಿಮ ಬೀಳುತ್ತಿರುವಾಗಲೇ ಅವರ 'ಬ್ಲೋಟ್' ಎಂಬ ಆರಾಧನೆಯ ಕೂಟ ನೋಡಿದೆ. ಬೆಂಕಿಯ ಸುತ್ತ ನಿಂತವರ ನಡುವೆ ಕೊಂಬಿನ ಪಾತ್ರೆ ಸಾಗಿತು. ಒಬ್ಬೊಬ್ಬರೂ ದೇವತೆಯ ಹೆಸರು ಹೇಳಿ ಒಂದು ಗುಟುಕು ಕುಡಿದರು, ನಾನು ನೆಲಕ್ಕೆ ಎರೆದೆ. ಪ್ರಾಣಿಬಲಿ ಇಲ್ಲ.

ಗುಡುಗಿನ ದೇವತೆ ಥಾರ್ ನಮ್ಮ ಇಂದ್ರನೇ ಎನ್ನಲು ಆತುರಪಡಬೇಡಿ. ಗೌರಿಹಬ್ಬದ ಕ್ರಮವನ್ನು ನಮಗೆ ಅಜ್ಜಿಯೋ ಅತ್ತೆಯೋ ಹೇಳಿಕೊಟ್ಟಿರುತ್ತಾರೆ. ಇವರಿಗೆ ಆ ಭಾಗ್ಯವಿಲ್ಲ. ಕ್ರಿ.ಶ. 1000ದ ಸುಮಾರಿಗೆ ಈ ನಾಡಿನ ಶಾಸನಸಭೆ ಅಲ್ಥಿಂಗ್ ಕ್ರೈಸ್ತಧರ್ಮವನ್ನು ಒಪ್ಪಿತು. ಈ ದೇವತೆಗಳ ಕಥೆಗಳಿಗೆ ಆಕರವಾದ ಎಡ್ಡಾ ಗ್ರಂಥವನ್ನು ಇಲ್ಲಿನ ಕವಿ ಸ್ನೋರಿ ಸ್ಟುರ್ಲುಸನ್ ಬರೆದದ್ದು 1220ರ ಹೊತ್ತಿಗೆ, ಅವನೂ ಕ್ರೈಸ್ತನೇ. ಅಲ್ಲಿ ಕಥೆ ಹೇರಳ, ವಿಧಿ ಅತ್ಯಲ್ಪ. ಹೀಗಾಗಿ ಪಠ್ಯದಲ್ಲಿರುವುದೆಷ್ಟು, ತಾವು ಸೇರಿಸಿದ್ದೆಷ್ಟು ಎಂದು ನನಗೆ ಪರಿಚಯವಾದವರು ಬಿಡಿಸಿ ಹೇಳುತ್ತಿದ್ದರು. ಅಷ್ಟು ಪ್ರಾಮಾಣಿಕತೆಯನ್ನು ನಮ್ಮೂರ ಪುರೋಹಿತರಲ್ಲೂ ನಾನು ಕಂಡಿಲ್ಲ. ಅಥೆನ್ಸ್‌ನಲ್ಲಿರುವ ನಿಮ್ಮ ಗೆಳತಿ ಅಲ್ಲಿನ ಹಳೆಯ ಗ್ರೀಕ್ ದೇವತೆಗಳ ಆರಾಧಕರನ್ನು ಕಾಣಹೊರಟರೆ, ಅವರಿಗೆ ಇಂಥ ಪಠ್ಯದ ಬರವಿಲ್ಲ: ಕೈ ತೊಳೆಯದೆ ಮುಂಜಾನೆ ದೇವರಾಜ ಝ್ಯೂಸ್‌ಗೆ ದ್ರಾಕ್ಷಾರಸ ಎರೆಯಬಾರದೆಂದು ಪ್ರಾಚೀನ ಕವಿ ಹೆಸಿಯಡ್‌ನೇ ಹೇಳಿದ್ದಾನೆ. ಮಡಿ ಬಲ್ಲವರಿಗೆ ವಿವರಣೆ ಬೇಡ. ಆದರೆ ಅಲ್ಲಿ ಈ ಆರಾಧನೆಗೆ ಸರ್ಕಾರದ ಮನ್ನಣೆ ದೊರೆತದ್ದು 2017ರಲ್ಲಷ್ಟೇ.

ಪರಂಪರೆ ಕಡಿದುಹೋದ ಕಡೆ ಓದುವವನೇ ಆಚಾರ್ಯನಾಗುತ್ತಾನೆ, ಅಪಾಯವಿರುವುದು ಅಲ್ಲಿಯೇ. ಬೇರೊಂದು ದೇಶದಲ್ಲಿ, ಥಾರ್‌ನ ಸುತ್ತಿಗೆಯ ಪದಕ ಧರಿಸಿದ್ದವರ ಕೂಟವೊಂದರ ಬಾಗಿಲಲ್ಲಿ ನನ್ನನ್ನು ತಡೆದು, ಇದು ನಮ್ಮ ರಕ್ತದವರ ಧರ್ಮ ಎಂದು ವಾಪಸು ಕಳಿಸಿದರು. ಆ ಅವಮಾನ ಇನ್ನೂ ಮಾಸಿಲ್ಲ. ರಕ್ತದ ಆ ಮಾತೇ ಟೊಳ್ಳು: ಎಡ್ಡಾದಲ್ಲಿ ಓಡಿನ್‌ನ ತಾಯಿಯೇ ದೈತ್ಯಕುಲದವಳು. ಓಡಿನ್‌ನ ಮಾತುಗಳೆನ್ನಲಾದ 'ಹಾವಮಾಲ್' ಪದ್ಯವಂತೂ ಮೊಣಕಾಲು ಮರಗಟ್ಟಿ ಬಂದ ಅತಿಥಿಗೆ ಬೆಂಕಿ, ಊಟ, ನೀರು, ಒರೆಸಿಕೊಳ್ಳಲು ಬಟ್ಟೆ ಕೊಡಿ ಎನ್ನುತ್ತದೆ. ಇಲ್ಲಿನ ಸಂಘ ಇಂಥ ಜನಾಂಗವಾದವನ್ನು ಬಹಿರಂಗವಾಗಿ ವಿರೋಧಿಸಿದೆ. ಆದರೂ ಐಸ್‌ಲ್ಯಾಂಡಿನಿಂದ ಹೊರಗೆ ಹೋದಾಗ, ಆಹ್ವಾನ ಯಾರದೆಂದು ವಿಚಾರಿಸದೆ, ಜೊತೆಗೊಬ್ಬರಿಲ್ಲದೆ ಯಾವ ಕೂಟಕ್ಕೂ ಹೋಗಬೇಡಿ.