ಅಜ್ಜಿ ಹಿಂದೆ ಹೋಗುವ ನಾಯಿ ನನ್ನ ಹತ್ತಿರ ಯಾಕೆ ಬರಲ್ಲ?

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಒಂದೇ. ದತ್ತು ತಂದ ನಾಯಿ ಹತ್ತಿರ ಬರ್ತಿಲ್ಲ, ಹಚ್ಚಿಕೊಳ್ತಿಲ್ಲ, ಏನು ಮಾಡಲಿ? ಹೋದ ವರ್ಷವೂ ಇದೇ, ಅದರ ಹಿಂದಿನ ವರ್ಷವೂ ಇದೇ. ಹಾಗಾಗಿ ಒಂದು ಪತ್ರ ಎತ್ತಿಕೊಂಡು ಪೂರ್ತಿ ಉತ್ತರ ಬರೆಯುತ್ತೇನೆ. ಲಸಿಕೆ, ಜಂತುಹುಳದ ಮಾತ್ರೆ ಬಗ್ಗೆ ಬರೆಯಲ್ಲ. ಅದು ಇಷ್ಟೊತ್ತಿಗೆ ಆಗಿರಬೇಕು.

ಪ್ರಶ್ನೆ: ನಾನು ಬೆಂಗಳೂರಿನ ಕಂಪನಿ ಕೆಲಸವನ್ನು ಹಾಸನದ ಮನೆಯಿಂದಲೇ ಮಾಡುತ್ತೇನೆ. ಎರಡು ವರ್ಷದ ನಾಟಿ ನಾಯಿಯನ್ನು ದತ್ತು ತಂದು ಐದು ವಾರ ಆಯ್ತು. ಊಟ ಹಾಕೋದು ನಾನು, ಹಾಸಿಗೆ, ಆಟಿಕೆ ತಂದಿದ್ದು ನಾನು. ಆದರೆ ಅದು ಇಡೀ ದಿನ ನಮ್ಮಜ್ಜಿ ಹಿಂದೆ. ಅಜ್ಜಿಗೋ ನಾಯಿ ಅಂದ್ರೆ ಅಷ್ಟಕ್ಕಷ್ಟೆ. ನಾನು ತಬ್ಬಿಕೊಳ್ಳಲು ಹೋದರೆ ಎದ್ದು ಹೋಗುತ್ತದೆ. ಟ್ರೇನಿಂಗ್‌ಗೆ ಕಳಿಸಲಾ? ವಿಡಿಯೊ ಕಳಿಸಿದ್ದೇನೆ.

ಉತ್ತರ: ಟ್ರೇನಿಂಗ್ ಬೇಕಾಗಿರೋದು ನಾಯಿಗಲ್ಲ, ನಿಮಗೆ. ಬೇಜಾರು ಮಾಡ್ಕೋಬೇಡಿ.

ನಿಮ್ಮ ವಿಡಿಯೊ ಎರಡು ಸಲ ನೋಡಿದೆ. ಅಜ್ಜಿ ಜಗಲಿ ಮೇಲೆ ಕೂತು ಮೊರದಲ್ಲಿ ಅವರೆಕಾಯಿ ಸುಲಿಯುತ್ತಿದ್ದಾರೆ. ನಾಯಿ ಒಂದು ಮೆಟ್ಟಿಲು ಕೆಳಗೆ ಮಲಗಿದೆ. ಒಂದು ಸಿಪ್ಪೆ ಕೆಳಗೆ ಬೀಳುತ್ತದೆ. ನಾಯಿ ಎದ್ದು ಮೂಸಿ, ಬೇಡ ಅಂತ ವಾಪಸ್ ಮಲಗುತ್ತದೆ. ಅಜ್ಜಿ ತಲೆ ಎತ್ತದೆ, "ಅದೇನು ನಿಂಗೆ ಸೊಗಡು ಗೊತ್ತಾಗುತ್ತಾ" ಅನ್ನುತ್ತಾರೆ. ನಾಯಿಯ ಬಾಲದ ತುದಿ ಎರಡು ಸಲ ನೆಲಕ್ಕೆ ಬಡಿಯುತ್ತದೆ. ಆಮೇಲೆ ನೀವು ಬರುತ್ತೀರಿ. ಮೇಲಿಂದ ಬಗ್ಗಿ, ಎರಡೂ ಕೈಯಲ್ಲಿ ತಲೆ ಹಿಡಿದು, ಮುಖಕ್ಕೆ ಮುಖ ತಂದು "ಶೇಕ್ ಹ್ಯಾಂಡ್, ಶೇಕ್ ಹ್ಯಾಂಡ್" ಅನ್ನುತ್ತೀರಿ. ಅದು ಮುಖ ತಿರುಗಿಸುತ್ತದೆ, ತುಟಿ ನೆಕ್ಕಿಕೊಳ್ಳುತ್ತದೆ, ಆಕಳಿಸುತ್ತದೆ. ಆ ಆಕಳಿಕೆ ನಿದ್ದೆಯದ್ದಲ್ಲ. ಸ್ವಲ್ಪ ದೂರ ನಿಲ್ಲು ಮಾರಾಯ ಅಂತ ಅದು ಮರ್ಯಾದೆಯಿಂದ ಹೇಳುತ್ತಿದೆ. ಮರ್ಯಾದೆ ಮುಗಿದ ಮೇಲೆ ಗುರ್ರ್ ಅನ್ನುತ್ತದೆ. ಆಗ ನೀವು ನನಗೆ ಇನ್ನೊಂದು ಪತ್ರ ಬರೆಯುತ್ತೀರಿ.

ಅಜ್ಜಿ ಏನು ಮಾಡ್ತಿದ್ದಾರೆ ನೋಡಿ. ದಿನಾ ಅದೇ ಹೊತ್ತು, ಅದೇ ಜಾಗ. ಕರೆಯಲ್ಲ, ಮುಟ್ಟಲ್ಲ, ದಿಟ್ಟಿಸಲ್ಲ. ಹತ್ತಿರ ಹೋಗೋದು ಬಿಡೋದು ನಾಯಿಗೆ ಬಿಟ್ಟಿದ್ದು. ಹೋದಾಗಲೆಲ್ಲ ಏನೂ ಆಗಲಿಲ್ಲ. ಕೈ ಬದಲಾಗಿ, ಜಾಗ ಬದಲಾಗಿ ಬಂದ ಪ್ರಾಣಿಗೆ ಈ "ಏನೂ ಆಗಲಿಲ್ಲ" ಅನ್ನೋದೇ ದೊಡ್ಡ ವಿಷಯ.

ನಾಯಿ ರಕ್ಷಣೆ ಮಾಡುವವರು ಒಂದು ಲೆಕ್ಕ ಹೇಳುತ್ತಾರೆ. ಮೂರು ದಿನ ಭಯ ಇಳಿಯಲು, ಮೂರು ವಾರ ಮನೆಯ ರೂಢಿ ಗೊತ್ತಾಗಲು, ಮೂರು ತಿಂಗಳು ಇದು ನನ್ನ ಮನೆ ಅನ್ನಿಸಲು. ಇದೇನು ಪಂಚಾಂಗ ಅಲ್ಲ, ಅಂದಾಜು. ಐದು ವಾರಕ್ಕೇ ನೀವು ಸೋತು ಕೂತರೆ ಹೇಗೆ?

ಇನ್ನು ಮಾಡಬೇಕಾದ್ದು. ಅಜ್ಜಿ ಪಕ್ಕ ನೀವೂ ಕೂತು ಅವರೆಕಾಯಿ ಸುಲಿಯಿರಿ. ತಮಾಷೆ ಅಲ್ಲ. ಫೋನ್ ಒಳಗಿಡಿ, ನಾಯಿಗೆ ಪಕ್ಕಮುಖವಾಗಿ ಕೂರಿ, ದಿನಕ್ಕೆ ಅರ್ಧ ಗಂಟೆ. ಅದು ಬಂದು ಕೈ ಮೂಸಿದರೆ ಎದೆ ಅಥವಾ ಕತ್ತಿನ ಪಕ್ಕ ಮೂರು ಸೆಕೆಂಡ್ ಕೆರೆದು ಕೈ ತೆಗೆಯಿರಿ. ಇನ್ನೂ ಬೇಕು ಅನ್ನಿಸಿದರೆ ಅದೇ ಒರಗುತ್ತದೆ. ಒರಗದಿದ್ದರೆ ಅವರೆಕಾಯಿಯಾದ್ರೂ ಸುಲಿದಿರುತ್ತೆ.

ಬೆಳಗಿನ ವಾಕ್ ನಿಮ್ಮ ಹೆಜ್ಜೆ ಎಣಿಸೋಕಲ್ಲ. ಒಂದೇ ಕಂಬವನ್ನು ಐದು ನಿಮಿಷ ಮೂಸಿದರೆ ಮೂಸಲಿ, ಅದು ಅದರ ಪೇಪರ್ ಓದು. ಎಳೆಯಬೇಡಿ. ಹೆಸರು ಕರೆಯುವುದು ಊಟಕ್ಕೆ, ವಾಕಿಗೆ ಮಾತ್ರ. ಬೈಯೋಕೆ, ಸ್ನಾನಕ್ಕೆ ಕರೆದರೆ ಆ ಹೆಸರೇ ಕೆಟ್ಟುಹೋಗುತ್ತದೆ.

ಸಂಜೆ ನಾಯಿಯ ಮೈಯಲ್ಲಿ ರಕ್ತ ಹೀರುವ ಉಣ್ಣೆ ಹುಳ ಇದೆಯಾ ನೋಡಿ. ಎಲ್ಲಕ್ಕಿಂತ ಒಳ್ಳೆ ನಂಟು ಬೆಳೆಯೋದು ನನ್ನ ಅನುಭವದಲ್ಲಿ ಇಲ್ಲೇ. ಕಿವಿಯ ಒಳಮಡಿಕೆ, ಬೆರಳ ಸಂದಿ, ಕಂಕುಳು, ಬಾಲದ ಬುಡ. ಮೊದಲ ದಿನ ಒಂದು ಕಿವಿ ಮುಟ್ಟಿ ಒಂದು ಚೂರು ಬೇಯಿಸಿದ ಕೋಳಿ ಕೊಡಿ, ಅಲ್ಲಿಗೆ ಸಾಕು. ಹದಿನೈದು ದಿನದಲ್ಲಿ ಅದೇ ಬಂದು ಕಾಲು ಚಾಚುತ್ತದೆ. ಉಣ್ಣೆ ಸಿಕ್ಕರೆ ಚಿಮಟದಲ್ಲಿ ಚರ್ಮಕ್ಕೆ ತಾಗಿದಂತೆ ಹಿಡಿದು ನೇರ ಎಳೆಯಿರಿ. ಸೀಮೆಎಣ್ಣೆ ಬೇಡ, ಬೆಂಕಿಕಡ್ಡಿ ಬೇಡ. ನಾಯಿಗೆ ಎರ್ಲಿಕಿಯಾ, ಬೇಬಿಸಿಯಾ ಜ್ವರ ತರೋದು ಈ ಉಣ್ಣೆಯೇ. ಒಸಡು ಬಿಳಿಚಿಕೊಂಡರೆ, ಊಟ ಬಿಟ್ಟರೆ, ಇನ್ನೂ ಹೊಂದಿಕೊಂಡಿಲ್ಲ ಪಾಪ ಅಂತ ಕಾಯಬೇಡಿ, ರಕ್ತ ಪರೀಕ್ಷೆ ಮಾಡಿಸಿ.

ಒಂದು ಎಚ್ಚರಿಕೆ. ನನ್ನದು ಅತಿ ಅನ್ನಿಸಿದರೂ ಪರವಾಗಿಲ್ಲ. ಮೂರು ತಿಂಗಳು ಹೊರಗೆ ಹಗ್ಗ ಬಿಚ್ಚಬೇಡಿ. ಹಲವು ವರ್ಷದ ಹಿಂದೆ ನಾನು ತಂದ ಹೆಣ್ಣುನಾಯಿಯನ್ನು ಎರಡನೇ ವಾರಕ್ಕೇ ಕಾರಲ್ಲಿ ಬೇಲೂರು ದಾಟಿ ಚಿಕ್ಕಮಗಳೂರಿಗೆ ಕರೆದುಕೊಂಡು ಹೊರಟೆ. ದಾರಿಯಲ್ಲಿ ಟೀ ಕುಡಿಯಲು ನಿಲ್ಲಿಸಿ ಬಾಗಿಲು ತೆಗೆದೆ. ಹಿಂದೆ ಬಂದ ಲಾರಿ ಹಾರ್ನ್ ಹೊಡೆಯಿತು. ನಾಯಿ ಕಾಫಿ ತೋಟದೊಳಗೆ ಮಾಯ. ಮೂರನೇ ದಿನ ತೋಟದ ಕೆಲಸಗಾರರ ಲೈನ್ ಮನೆಯವರ ಕೋಳಿಗೂಡಿನ ಹಿಂದೆ ಸಿಕ್ಕಿತು, ಕಾಲ ಬೆರಳ ಸಂದಿಯೆಲ್ಲ ಇಂಬಳ. ಪಶುವೈದ್ಯ ಅಂತ ಬೋರ್ಡ್ ಹಾಕಿಕೊಂಡ ನನಗೇ ಇಷ್ಟು ಬುದ್ಧಿ ಇರಲಿಲ್ಲ.

ಪ್ರಶ್ನೆ: ನಾಯಿಗೆ ನಾನೇ ಯಜಮಾನ ಅಂತ ಗೊತ್ತಾಗಬೇಕು, ನೆಲಕ್ಕೆ ಒತ್ತಿ ಹಿಡಿಯಿರಿ ಅಂತ ಟ್ರೇನರ್ ಹೇಳಿದರು. ಸರಿಯಾ?

ಉತ್ತರ: ಆ ಟ್ರೇನರ್‌ಗೆ ಕೊಡುವ ದುಡ್ಡಲ್ಲಿ ಕೋಳಿ ತನ್ನಿ. ಈ ಯಜಮಾನಿಕೆ ಕಥೆ ಶುರುವಾದದ್ದು 1947ರಲ್ಲಿ, ರುಡಾಲ್ಫ್ ಶೆಂಕೆಲ್ ಎಂಬುವರು ಬರೆದ ಲೇಖನದಿಂದ. ಅವರು ನೋಡಿದ್ದು ಬೇಲಿಯೊಳಗೆ ಕೂಡಿಹಾಕಿದ ತೋಳಗಳನ್ನು. ಅದನ್ನು ತಮ್ಮ 1970ರ ಪುಸ್ತಕದಲ್ಲಿ ಹಬ್ಬಿಸಿದ ತೋಳಗಳ ಸಂಶೋಧಕ ಡೇವಿಡ್ ಮೆಕ್ ಅವರೇ 1999ರಲ್ಲಿ ತಿದ್ದಿಕೊಂಡರು. ಕಾಡಿನ ತೋಳದ ಗುಂಪು ಅಂದರೆ ಅಪ್ಪ, ಅಮ್ಮ, ಮಕ್ಕಳು ಇರುವ ಸಂಸಾರ ಅಂದರು. ತೋಳ ನೋಡಿದವರೇ ಬಿಟ್ಟ ಮಾತನ್ನು ನಮ್ಮೂರಲ್ಲಿ ಇನ್ನೂ ಫೀಸು ತಗೊಂಡು ಹೇಳುತ್ತಿದ್ದಾರೆ.

ಪ್ರಶ್ನೆ: ಕಣ್ಣಲ್ಲಿ ಕಣ್ಣಿಟ್ಟು ನೋಡಿದರೆ ನಾಯಿಗೆ ಪ್ರೀತಿ ಹುಟ್ಟುತ್ತದಂತೆ, ಜಪಾನಿನವರು ಕಂಡುಹಿಡಿದಿದ್ದಾರಂತೆ?

ಉತ್ತರ: 2015ರ ಅಧ್ಯಯನ ಅದು, ನಿಜ. ಆದರೆ ಅದು ಒಡೆಯರ ಜೊತೆ ಮೊದಲೇ ಹೊಂದಿಕೊಂಡ ನಾಯಿಗಳ ವಿಷಯ. ಅವು ತಾವಾಗಿ ನೋಡಿದಾಗ ಇಬ್ಬರಲ್ಲೂ ನಂಟು ಬೆಸೆಯುವ ಹಾರ್ಮೋನು ಆಕ್ಸಿಟೋಸಿನ್ ಹೆಚ್ಚಾಗಿತ್ತು. ಹೊಸ ನಾಯಿಯನ್ನು ದುರುಗುಟ್ಟಿ ನೋಡಿದರೆ ಅದಕ್ಕೆ ಜಗಳದ ಕರೆ. ವಾಟ್ಸಾಪಿನಲ್ಲಿ ಈ ಭಾಗ ಬರಲ್ಲ, ಅಲ್ವಾ?

ಪ್ರಶ್ನೆ: ಆಟದಲ್ಲಿ ಹಲ್ಲು ತಾಗಿ ರಕ್ತ ಬಂತು. ಸುಣ್ಣ ಅರಿಶಿನ ಹಚ್ಚಿದ್ದೇವೆ, ನಾಟಿ ಔಷಧಿ ಕುಡಿದರೆ ಸಾಕಾ?

ಉತ್ತರ: ಸಾಲದು. ಸೋಪು ಹಾಕಿ, ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಈಗಲೇ ಆಸ್ಪತ್ರೆಗೆ ಹೋಗಿ. ಲಕ್ಷಣ ಕಾಣಿಸಿಕೊಂಡ ರೇಬೀಸ್‌ಗೆ ಔಷಧಿ ಇಲ್ಲ, ನಾಟಿಯವರ ಹತ್ತಿರವೂ ಇಲ್ಲ, ನನ್ನ ಹತ್ತಿರವೂ ಇಲ್ಲ.

ಪ್ರಶ್ನೆ: ಚುರುಕಾಗಲಿ ಅಂತ ಊಟಕ್ಕೆ ಹಸಿಮೆಣಸಿನಕಾಯಿ ಹಾಕಬಹುದಾ?

ಉತ್ತರ: ಮೊದಲು ನೀವು ತಿಂದು ಎಷ್ಟು ಚುರುಕಾದಿರಿ ಬರೆಯಿರಿ.

ಪ್ರಶ್ನೆ: ಹಳೆ ಹೆಸರು ಬದಲಿಸಬಹುದಾ?

ಉತ್ತರ: ಧಾರಾಳವಾಗಿ. ಅದಕ್ಕೇನು ಆಧಾರ್ ಕಾರ್ಡ್ ಇಲ್ಲ.

ಪ್ರಶ್ನೆ: ಮೂಡಿಗೆರೆ ಹತ್ತಿರ ತೋಟ ಇದೆ. ಹೊಸ ನಾಯಿ ಜಾಗಕ್ಕೆ ಒಗ್ಗಲಿ ಅಂತ ರಾತ್ರಿ ಕಣದಲ್ಲಿ ಸರಪಳಿ ಹಾಕಿ ಕಟ್ಟಬೇಕು ಅಂತಿದ್ದೇವೆ.

ಉತ್ತರ: ಚಿರತೆಗೆ ಎಲೆ ಹಾಕಿ ಬಡಿಸಿದ ಹಾಗೆ. ಒಳಗೆ ಮಲಗಿಸಿ.